ಮರ ಹತ್ತಿದ ಹೆಣ್ಣುಗಳು

ನಮ್ಮ ಶಿರಸಿಯ ಕಡೆ ಮರಕೋತಿ ಆಟ ಆಡದೆ ದೊಡ್ಡವರಾದವರು ಅಪರೂಪ. ಒಬ್ಬರು ಕೆಳಗೆ ನಿಂತು ಕೋಲು ಕಾಯಬೇಕು. ಉಳಿದವರೆಲ್ಲ ಮರ ಹತ್ತಿ, ಕೊಂಬೆಯಿಂದ ಕೊಂಬೆಗೆ ದಾಟಿ, ಹೊಂಚು ನೋಡಿ ಕೆಳಗೆ ಧುಮುಕಿ ಕೋಲು ಮುಟ್ಟಬೇಕು. ಈ ಆಟದಲ್ಲಿ ಹುಡುಗ, ಹುಡುಗಿ ಎಂಬ ಭೇದವಿರಲಿಲ್ಲ. ಆದರೆ ಹುಡುಗಿಯರಿಗೆ ಆಟ ಮುಗಿಯುವ ವಯಸ್ಸೊಂದಿತ್ತು. ಹನ್ನೆರಡೋ ಹದಿಮೂರೋ ತುಂಬುತ್ತಿದ್ದಂತೆ ಮರದ ಬುಡದಲ್ಲಿ ಆಯಿ ಬಂದು ನಿಲ್ಲುತ್ತಿದ್ದಳು. “ಇಳಿಯೇ ಗಂಡುಬೀರಿ” ಎಂದು ಒಮ್ಮೆ ಕೂಗಿದರೆ ಸಾಕು, ಅಂದಿಗೆ ಮರದ ಋಣ ತೀರಿತು. ಮರ ಹತ್ತಿದ ಹುಡುಗನನ್ನು ಬೈಯುವುದಕ್ಕೆ ‘ಕೋತಿ’ ಎಂಬ ಪದವಿತ್ತು. ಅದರಲ್ಲಿ ಮುದ್ದೂ ಇತ್ತು. ‘ಗಂಡುಬೀರಿ’ಯಲ್ಲಿ ಮುದ್ದು ಇರಲಿಲ್ಲ.

ಆಯಂದಿರನ್ನು ನಾನು ದೂರುವುದಿಲ್ಲ. ಲಂಗ ತೊಟ್ಟ ಹುಡುಗಿ ಕೊಂಬೆಯ ಮೇಲಿದ್ದರೆ ಕೆಳಗೆ ನಿಂತವರ ಕಣ್ಣು ಎಲ್ಲಿರುತ್ತದೆ ಎಂಬ ಚಿಂತೆ ಅವರದು. ಬಿದ್ದು ಕಾಲು ಊನವಾದರೆ ಮದುವೆ ಹೇಗೆ ಎಂಬ ಚಿಂತೆ ಇನ್ನೊಂದು. ಇವೆರಡನ್ನೂ ಬಾಯಿಬಿಟ್ಟು ಹೇಳಲಾಗದೆ ಅವರು ಮೂರನೆಯ ಕಾರಣವೊಂದನ್ನು ಹೇಳುತ್ತಿದ್ದರು: “ಮರ ಹತ್ತಲಿಕ್ಕೆ ತೋಳಲ್ಲಿ ಬಲ ಬೇಕು, ಅದು ಗಂಡಸರ ಕೆಲಸ.” ಈ ಮೂರನೆಯ ಕಾರಣವನ್ನು ನಾವೆಲ್ಲ ನಂಬಿಬಿಟ್ಟೆವು. ನಂಬದೆ ಇರುವುದು ಹೇಗೆ? ನಮ್ಮ ಕಣ್ಣೆದುರಿಗೇ ಕೊನೆಗೌಡನಿದ್ದ. ಅಡಿಕೆ ಕೊಯ್ಲಿನ ದಿನ ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ನಲವತ್ತು, ಐವತ್ತು ಅಡಿಯ ಮರವನ್ನು ಸರಸರನೆ ಏರುತ್ತಿದ್ದ. ಕೊಯ್ದ ಕೊನೆಯನ್ನು ಹಗ್ಗದ ಗುಂಟ ಜಾರಿಬಿಡುತ್ತಿದ್ದ. ಒಂದು ಮರ ಮುಗಿದರೆ ಇಳಿಯುತ್ತಲೂ ಇರಲಿಲ್ಲ. ಮರವನ್ನೇ ತೂಗಿಸಿ ಪಕ್ಕದ ಮರವನ್ನು ಹಿಡಿದುಕೊಳ್ಳುತ್ತಿದ್ದ. ಅವನ ತೋಳು, ಎದೆ, ಪಾದಗಳನ್ನು ನೋಡಿದವರಿಗೆ ಇದು ನಮ್ಮಿಂದ ಆಗುವ ಮಾತಲ್ಲ ಎನ್ನಿಸುವುದು ಸಹಜವೇ.

ಮರ ಏರುವುದಕ್ಕೆ ಬಲಕ್ಕಿಂತ ಬೇರೆ ದಾರಿಯೂ ಇದೆ, ಆ ದಾರಿಯನ್ನು ಕೆಲವರು ಗಂಟು ಗಂಟಾಗಿ ಕಂಡುಹಿಡಿದರು, ಅದರಿಂದ ಹೆಂಗಸರಿಗೆ ಮರ ಮರಳಿ ಸಿಕ್ಕಿತು. ನಾನು ಹೇಳಹೊರಟಿರುವ ಚರಿತ್ರೆ ಇದು. ರಾಜರ ಕಾಳಗದ ಚರಿತ್ರೆಯಂತೆ ಇದು ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ಮರ ಹತ್ತುವುದನ್ನು ಕಲಿತ ಮೇಲೆ, ಈ ಗಂಟು ಯಾರದು, ಈ ಉಪಾಯ ಯಾರಿಗೆ ಹೊಳೆಯಿತು ಎಂದು ಕುತೂಹಲದಿಂದ ಹುಡುಕುತ್ತ ಹೋಗಿ ನಾನು ಒಟ್ಟುಮಾಡಿಕೊಂಡದ್ದು.

ಮೊದಲು ಹಗ್ಗದ ಮಾತು. ಹಗ್ಗ ನಮಗೇನು ಹೊಸದೇ? ಬಾವಿಯ ಹಗ್ಗ, ಮೊಸರು ಕಡೆಯುವ ಹಗ್ಗ, ತೊಟ್ಟಿಲ ಹಗ್ಗ, ಬಟ್ಟೆ ಒಣಗಿಸುವ ಹಗ್ಗ, ಎಲ್ಲವೂ ನಮ್ಮ ಕೈಯಲ್ಲೇ ಸವೆದವು. ಬಾಳೆಯ ನಾರಿನಲ್ಲಿ ಮಲ್ಲಿಗೆ ಕಟ್ಟುವ ಹೆಂಗಸು ಕಣ್ಣು ಮುಚ್ಚಿಕೊಂಡು ಹಾಕುವ ಆ ಕುಣಿಕೆ, ಎಳೆದಷ್ಟೂ ಬಿಗಿಯಾಗುವ ಆ ಸುತ್ತು, ಗಂಟುಗಳ ಶಾಸ್ತ್ರದಲ್ಲಿ ಮೊದಲ ಪಾಠವೇ ಆಗಬಹುದು. ಇಷ್ಟಾದರೂ ನಮ್ಮ ಊರುಗಳಲ್ಲಿ ಹೆಣ್ಣು, ಮರ, ಹಗ್ಗ ಎಂಬ ಮೂರು ಮಾತು ಒಟ್ಟಿಗೆ ಬಂದರೆ ಕೇಳಿದವರ ಎದೆ ಧಸಕ್ಕೆನ್ನುತ್ತದೆ. ಅಂಥ ಸುದ್ದಿಗಳನ್ನು ನಾವು ಕೇಳಿದ್ದೇವೆ. ಬದುಕುವುದಕ್ಕಾಗಿ, ಖುಷಿಗಾಗಿ ಹಗ್ಗ ಹಿಡಿದು ಮರ ಹತ್ತಿದ ಹೆಂಗಸರ ಸುದ್ದಿ ನಮ್ಮನ್ನು ಮುಟ್ಟುವುದೇ ಇಲ್ಲ. ಇದನ್ನು ಬರೆಯಲು ಅದೂ ಒಂದು ಕಾರಣ.

ಈ ಚರಿತ್ರೆಯಲ್ಲಿ ಮೊದಲು ಬರುವವನು ಮರ ಹತ್ತುವವನೇ ಅಲ್ಲ, ಒಬ್ಬ ಸಂಗೀತದ ಮೇಷ್ಟ್ರು. ಆಸ್ಟ್ರಿಯಾ ದೇಶದ ಕಾರ್ಲ್ ಪ್ರೂಸಿಕ್. ಪರ್ವತಾರೋಹಣ ಅವನ ಹವ್ಯಾಸ. ಹಿಮದ ಬಿರುಕಿನಲ್ಲಿ ಬಿದ್ದವನು ತನ್ನ ಹಗ್ಗವನ್ನು ಹಿಡಿದು ತಾನೇ ಮೇಲೆ ಬರುವುದು ಹೇಗೆ ಎಂಬ ಪ್ರಶ್ನೆಗೆ 1931ರಲ್ಲಿ ಅವನು ಉತ್ತರ ಪ್ರಕಟಿಸಿದ. ತೆಳ್ಳನೆಯ ದಾರದ ಒಂದು ಕುಣಿಕೆಯನ್ನು ದಪ್ಪ ಹಗ್ಗಕ್ಕೆ ಮೂರು ಸಲ ಸುತ್ತಿ, ಅದರೊಳಗಿಂದಲೇ ಹೊರಗೆಳೆಯುವುದು, ಅಷ್ಟೇ. ಭಾರ ಬಿದ್ದರೆ ಸುತ್ತುಗಳು ಹಗ್ಗವನ್ನು ಹಿಂಡಿ ಹಿಡಿಯುತ್ತವೆ. ಭಾರ ತೆಗೆದರೆ ಸಡಿಲವಾಗಿ, ಬೆರಳಿನಲ್ಲಿ ಮೇಲಕ್ಕೆ ಸರಿಸಬಹುದು. ಇಂಥ ಎರಡು ಕುಣಿಕೆಗಳಿದ್ದರೆ, ಒಂದರಲ್ಲಿ ಕೂತು ಇನ್ನೊಂದರಲ್ಲಿ ನಿಂತು, ಹಗ್ಗವನ್ನೇ ಏಣಿ ಮಾಡಿಕೊಳ್ಳಬಹುದು. ನಮಗೆಲ್ಲ ಮೂರು ಗಂಟು ಎಂದರೆ ಬೇರೆಯೇ ನೆನಪಾಗುತ್ತದೆ, ಬಿಡಿ. ಈ ಮೂರು ಸುತ್ತಿನ ಗುಣ ಏನೆಂದರೆ, ಬೇಕಾದಾಗ ಹಿಡಿಯುತ್ತದೆ, ಬೇಕಾದಾಗ ಬಿಡುತ್ತದೆ.

ಪರ್ವತದವರಿಂದ ಈ ವಿದ್ಯೆ ಗುಹೆ ಶೋಧಿಸುವವರಿಗೆ ಹೋಯಿತು. ಊರೊಳಗಿನ ದೊಡ್ಡ ಮರಗಳ ಒಣಕೊಂಬೆ ಕತ್ತರಿಸುವ ಕಸುಬಿನವರೂ ತಮ್ಮದೇ ಗಂಟುಗಳನ್ನು ಬೆಳೆಸಿಕೊಂಡರು. ಇದರಲ್ಲೊಂದು ಸ್ವಾರಸ್ಯದ ಸಂಗತಿಯಿದೆ. ಇಂದು ಮರ ಹತ್ತಲು ಕಲಿಯುವವರು ಮೊದಲಲ್ಲೇ ಕಲಿಯುವ ಒಂದು ಗಂಟಿಗೆ ‘ಬ್ಲೇಕ್ಸ್ ಹಿಚ್’ ಎಂದು ಹೆಸರು. 1994ರಲ್ಲಿ ಜೇಸನ್ ಬ್ಲೇಕ್ ಎಂಬ ಮರದ ಕೆಲಸಗಾರ ಅದನ್ನು ಒಂದು ಪತ್ರಿಕೆಗೆ ಬರೆದು ತಿಳಿಸಿದ. ಆದರೆ ಹೈನ್ಜ್ ಪ್ರೊಹಾಸ್ಕ ಎಂಬ ಆಸ್ಟ್ರಿಯಾದವನು ಅದೇ ಗಂಟನ್ನು 1981ರಲ್ಲೇ ಪ್ರಕಟಿಸಿದ್ದ. ಒಬ್ಬನದು ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಹಿಂದಿನ ಮನೆಯವರೂ ಮುಂದಿನ ಮನೆಯವರೂ ಪರಸ್ಪರ ಕೇಳದೆಯೇ ಒಂದೇ ಬಗೆಯ ತಂಬುಳಿ ಮಾಡುವುದಿಲ್ಲವೇ, ಹಾಗೆ. ಅಗತ್ಯವೂ ಕೈಯಭ್ಯಾಸವೂ ಒಂದೇ ಆದಾಗ ಗಂಟೂ ಒಂದೇ ಆಗುತ್ತದೆ.

ಮರ ಹತ್ತುವುದು ಇಷ್ಟರವರೆಗೆ ಕಸುಬು ಅಥವಾ ಸಾಹಸ. ಸುಮ್ಮನೆ, ಸಂತೋಷಕ್ಕೆ ಹತ್ತಬಹುದು ಎಂದು ಅದಕ್ಕೊಂದು ಶಾಲೆಯನ್ನೇ ತೆರೆದವನು ಅಮೆರಿಕದ ಅಟ್ಲಾಂಟಾ ನಗರದ ಪೀಟರ್ ಜೆಂಕಿನ್ಸ್. ಬಂಡೆ ಹತ್ತುವ ಹವ್ಯಾಸವಿದ್ದ ಈತ ಹೊಟ್ಟೆಪಾಡಿಗೆ ಮರ ಸವರುವ ಕೆಲಸ ಮಾಡುತ್ತಿದ್ದ. 1983ರಲ್ಲಿ ಮರ ಹತ್ತುವವರ ಸಂಸ್ಥೆಯೊಂದನ್ನು ಆರಂಭಿಸಿ, ಹಗ್ಗ, ಸೊಂಟಪಟ್ಟಿ, ಶಿರಸ್ತ್ರಾಣಗಳ ಬಳಕೆಯನ್ನು ಸಾಮಾನ್ಯರಿಗೆ ಕಲಿಸತೊಡಗಿದ. ಅದೇ 1983ರ ಸೆಪ್ಟೆಂಬರ್ 8ರಂದು ನಮ್ಮ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ, ಹೆಂಗಸರೂ ಮಕ್ಕಳೂ ಸೇರಿ, ಕಾಡಿಗೆ ಹೋಗಿ ಕೊಡಲಿಗೆ ಗುರಿಯಾಗಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಒಂದು ಕಡೆ ಮರವನ್ನು ಹತ್ತಿ ಪ್ರೀತಿಸಿದರು, ಒಂದು ಕಡೆ ಬುಡದಲ್ಲಿ ನಿಂತು ತಬ್ಬಿದರು. ಇವರಿಗೆ ಅವರ ಸುದ್ದಿ ಗೊತ್ತಿರಲಿಲ್ಲ, ಅವರಿಗೆ ಇವರದು ಗೊತ್ತಿರಲಿಲ್ಲ.

ನಾನು ಅಟ್ಲಾಂಟಾಕ್ಕೆ ಹೋದದ್ದು 2006ರಲ್ಲಿ, ಮಗಳ ಬಾಣಂತನಕ್ಕೆ. ನಮ್ಮ ವಯಸ್ಸಿನ ಹೆಂಗಸರು ಅಮೆರಿಕ ನೋಡುವುದೇ ಹಾಗಲ್ಲವೇ? ಅಂಟಿನುಂಡೆ, ಕರಿಮೆಣಸಿನ ಸಾರು, ಎಣ್ಣೆನೀರು ಎಂದು ಮೂರು ತಿಂಗಳು ಕಳೆದ ಮೇಲೆ ಕೈ ಸ್ವಲ್ಪ ಖಾಲಿಯಾಯಿತು. ಪಕ್ಕದ ಮನೆಯಲ್ಲಿ ಶಾಲೆಯಿಂದ ನಿವೃತ್ತರಾದ ಹೆಂಗಸೊಬ್ಬರಿದ್ದರು. ಅರವತ್ತು ದಾಟಿತ್ತು. ಶನಿವಾರ ಬೆಳಿಗ್ಗೆ ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡು ಹೊರಡುವುದನ್ನು ನೋಡಿ ಎಲ್ಲಿಗೆ ಎಂದು ಕೇಳಿದೆ. ಮರ ಹತ್ತಲಿಕ್ಕೆ, ಬರುತ್ತೀರಾ ಎಂದರು. ಮಗಳು ಗಾಬರಿಯಾದಳು. “ಅಮ್ಮಾ, ಬಿದ್ದು ಸೊಂಟ ಮುರಿದುಕೊಂಡರೆ ಇನ್ಶೂರೆನ್ಸ್‌ನವರಿಗೆ ಏನಂತ ಬರೆದುಕೊಡಲಿ?” ಎಂದಳು. ರಾತ್ರಿ ಫೋನಿನಲ್ಲಿ ನಮ್ಮವರಿಗೆ ಹೇಳಿದರೆ, “ಮರ ಹತ್ತಲಿಕ್ಕೆ ಅಷ್ಟು ದೂರ ಹೋಗಬೇಕಿತ್ತೇ? ನಮ್ಮ ತೋಟದಲ್ಲಿ ಮರ ಇರಲಿಲ್ಲವೇ?” ಎಂದು ನಕ್ಕರು. ಮರ ಇತ್ತು ಮಾರಾಯರೇ, ಹತ್ತಲು ಬಿಡುವವರು ಇರಲಿಲ್ಲ ಎಂದೆ. ಆ ಕಡೆ ನಗು ನಿಂತಿತು.

ಮುಂದಿನ ಶನಿವಾರ ಮಗಳ ಪ್ಯಾಂಟು ತೊಟ್ಟು ಹೋದೆ. ಬಿಳಿ ಓಕ್ ಮರ. ಮೊದಲ ಕೊಂಬೆಯೇ ಎರಡಾಳೆತ್ತರದ ಮೇಲೆ. ಗೆಳತಿ ಸಣ್ಣದೊಂದು ತೂಕದ ಚೀಲಕ್ಕೆ ತೆಳುದಾರ ಕಟ್ಟಿ ಬೀಸಿ ಎಸೆದರು. ಮೂರನೆಯ ಸಲಕ್ಕೆ ಅದು ಮೇಲಿನ ಗಟ್ಟಿ ಕೊಂಬೆಯೊಂದನ್ನು ದಾಟಿ ಕೆಳಗಿಳಿಯಿತು. ಆ ದಾರಕ್ಕೆ ದಪ್ಪ ಹಗ್ಗ ಕಟ್ಟಿ ಎಳೆದದ್ದಾಯಿತು. ಕೊಂಬೆಯ ತೊಗಟೆ ಉಜ್ಜಿಹೋಗದಿರಲೆಂದು ಹಗ್ಗಕ್ಕೊಂದು ಕವಚ. ಹಗ್ಗದ ಒಂದು ತುದಿ ನನ್ನ ಸೊಂಟಪಟ್ಟಿಗೆ. ಅದೇ ತುದಿಯ ಉಳಿದ ಬಾಲವನ್ನು ಇನ್ನೊಂದು ಎಳೆಗೆ ನಾಲ್ಕು ಸುತ್ತು ಸುತ್ತಿ, ಕೆಳಗಿನ ಎರಡು ಸುತ್ತಿನೊಳಗೆ ತೂರಿಸಿ ಬಿಗಿದರು. ಬಾಲ ಜಾರಿ ಹೋಗದಂತೆ ತುದಿಗೊಂದು ಗಂಟು. ಇದೇ ಆ ಬ್ಲೇಕ್ ಗಂಟು. ಗೆಳತಿ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಕಟ್ಟಿದೆ. ಅವರು ನೋಡಿದರು. ಮತ್ತೆ ಬಿಚ್ಚಿದರು. ಹತ್ತು ಸಲ ಸರಿಯಾಗಿ ಕಟ್ಟಿದ ಮೇಲೆಯೇ ನೆಲ ಬಿಡಲು ಒಪ್ಪಿಗೆ.

ನಂತರದ ಕೆಲಸಕ್ಕೆ ಬಲ ಬೇಕಾಗಲೇ ಇಲ್ಲ. ಹಗ್ಗಕ್ಕೆ ಪ್ರೂಸಿಕನ ಮೂರು ಸುತ್ತಿನಲ್ಲಿ ಕಟ್ಟಿದ ಇನ್ನೊಂದು ಕುಣಿಕೆಯಲ್ಲಿ ಕಾಲಿಟ್ಟು ಎದ್ದು ನಿಲ್ಲಬೇಕು, ಗಂಟನ್ನು ಮೇಲೆ ತಳ್ಳಬೇಕು, ಕೂರಬೇಕು. ಕೂತಾಗ ಗಂಟು ಹಿಡಿಯುತ್ತದೆ. ಕಾಲಿನ ಕುಣಿಕೆಯನ್ನು ಮೇಲೆ ಸರಿಸಿ ಮತ್ತೆ ನಿಲ್ಲಬೇಕು. ಎದ್ದು ಕೂತು, ಎದ್ದು ಕೂತು ನಲವತ್ತು ವರ್ಷ ಅಡಿಗೆಮನೆಯಲ್ಲಿ ಸವೆಸಿದ ಮೊಣಕಾಲಿಗೆ ಇದೇನು ಹೊಸದೇ? ಒಂದು ಸಲಕ್ಕೆ ಒಂದು ಗೇಣೋ ಒಂದು ಮೊಳವೋ ಏರುತ್ತಿದ್ದೆ. ದಣಿವಾದರೆ ಅಲ್ಲೇ ಕೂತು ಸುಧಾರಿಸಿಕೊಳ್ಳಬಹುದು. ಯಾರೂ ಅವಸರ ಮಾಡುವುದಿಲ್ಲ. ಹದಿನೈದು ಅಡಿಯಲ್ಲಿ ಒಮ್ಮೆ ಕೆಳಗೆ ನೋಡಿ ಎದೆ ಹೊಡೆದುಕೊಂಡದ್ದು ನಿಜ. ಗೆಳತಿ ಕೆಳಗಿನಿಂದ, “ಗಂಟು ನೋಡಿ, ನೆಲ ನೋಡಬೇಡಿ” ಎಂದರು. ನಾನೇ ಕಟ್ಟಿದ ಗಂಟು ನನ್ನನ್ನು ಹಿಡಿದುಕೊಂಡಿತ್ತು. ಅದನ್ನು ನೋಡುತ್ತ ನೋಡುತ್ತ ಉಸಿರು ಸರಿಯಾಯಿತು. ನಲವತ್ತು ಅಡಿಯ ಕೊಂಬೆಯ ಮೇಲೆ ಕೂತಾಗ ಮುಕ್ಕಾಲು ಗಂಟೆ ಕಳೆದಿತ್ತು. ಗಾಳಿ ಬಂದಾಗ ಇಡೀ ಮರ ತೂಗುವುದು ಬೆನ್ನಿಗೆ ತಿಳಿಯುತ್ತಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಬಾಯಿಬಿಟ್ಟು ನಕ್ಕೆ, ಏನೂ ಕಾರಣವಿಲ್ಲದೆ.

ಆ ಖುಷಿಯ ಬೆನ್ನು ಹಿಡಿದು ಓದತೊಡಗಿದಾಗ ಸಿಕ್ಕಿದವರು ಇಬ್ಬರು ಹೆಂಗಸರು. ಮಾರ್ಗರೆಟ್ ಲೋಮನ್ ಅಮೆರಿಕದವಳು, ಕಾಡಿನ ಎಲೆಗಳ ಅಭ್ಯಾಸಕ್ಕೆ ಆಸ್ಟ್ರೇಲಿಯಾಕ್ಕೆ ಹೋದವಳು. ಎಲೆಗಳೆಲ್ಲ ಮೇಲಿವೆ, ಇವಳು ಕೆಳಗೆ. ಕೋತಿಯೊಂದಕ್ಕೆ ತರಬೇತಿ ಕೊಟ್ಟರೆ ಹೇಗೆ ಎಂದೂ ಯೋಚಿಸಿದ್ದಳಂತೆ! ಕೊನೆಗೆ 1979ರಲ್ಲಿ ಗುಹೆ ಶೋಧಿಸುವ ಹವ್ಯಾಸಿಗಳಿಂದ ಹಗ್ಗದ ವಿದ್ಯೆ ಕಲಿತು, ಕಾರಿನ ಸೀಟುಬೆಲ್ಟಿನ ಪಟ್ಟಿಯಿಂದ ಸೊಂಟಪಟ್ಟಿ ಹೊಲಿದುಕೊಂಡು, ಕವಣೆಯಿಂದ ದಾರ ಹಾರಿಸಿ ತಾನೇ ಹತ್ತಿದಳು. ಎಲೆಗಳಿಗೆ ಒಂದೊಂದಕ್ಕೂ ಗುರುತು ಬರೆದು ವರ್ಷಗಟ್ಟಲೆ ಮತ್ತೆ ಮತ್ತೆ ಹತ್ತಿ ನೋಡಿದಳು. ಮಳೆಕಾಡಿನ ನೆರಳಿನ ಎಲೆಗಳಲ್ಲಿ ಕೆಲವು ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತವೆ, ಹುಳುಗಳು ತಿನ್ನುವ ಪಾಲು ಅದುವರೆಗೆ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಎಂಬುದು ಹೊರಬಿದ್ದದ್ದು ಹಾಗೆ. ಬಸುರಿಯಾಗಿ ಸೊಂಟಪಟ್ಟಿ ಹಿಡಿಸದಾದಾಗ, ಬೀದಿದೀಪ ರಿಪೇರಿಯವರು ಬಳಸುವಂಥ ಎತ್ತುವ ಯಂತ್ರದ ತೊಟ್ಟಿಯಲ್ಲಿ ನಿಂತು ಕೆಲಸ ಮುಂದುವರಿಸಿದಳು. ಇಬ್ಬರು ಗಂಡುಮಕ್ಕಳನ್ನು ಬೆಳೆಸಿದ್ದೂ ಇದರ ನಡುವೆಯೇ.

ಎರಡನೆಯವರು ನಳಿನಿ ನಾಡಕರ್ಣಿ. ಹೆಸರು ಕೇಳಿದರೆ ನಮ್ಮ ಕಾರವಾರದ ಕಡೆಯವರಿರಬೇಕು ಎನ್ನಿಸುತ್ತದೆ. ತಂದೆ ಭಾರತದವರು, ತಾಯಿ ನ್ಯೂಯಾರ್ಕಿನ ಯಹೂದಿ ಮನೆತನದವರು. ಹೆಚ್ಚುಕಡಿಮೆ ನನ್ನದೇ ವಾರಿಗೆಯವರು. ನನ್ನನ್ನು ಮರದಿಂದ ಇಳಿಸಿದ ವಯಸ್ಸಿನಲ್ಲಿ ಅವರು ಮೇರಿಲ್ಯಾಂಡಿನ ಮನೆಯಂಗಳದ ಎಂಟು ಮೇಪಲ್ ಮರಗಳಲ್ಲಿ ದಿನ ಕಳೆಯುತ್ತಿದ್ದರು. ವಿದ್ಯಾರ್ಥಿನಿಯಾಗಿ ಮರದ ನೆತ್ತಿಯ ಅಭ್ಯಾಸ ಮಾಡುತ್ತೇನೆಂದಾಗ, ಇದೆಲ್ಲ ಟಾರ್ಜಾನನ ಆಟ ಎಂದು ಹಿರಿಯರು ತಳ್ಳಿಹಾಕಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಅವರು ಹತ್ತಿ ನೋಡಿದರು. ಮಳೆಕಾಡಿನ ದೊಡ್ಡ ಕೊಂಬೆಗಳ ಮೇಲೆ ಹಾವಸೆ ಬೆಳೆದು, ಕೊಳೆತು, ಮಣ್ಣೇ ಆಗಿರುತ್ತದೆ. ಆ ಹಾಸನ್ನು ಎತ್ತಿ ನೋಡಿದರೆ ಒಳಗೆ ಬೇರುಗಳು, ಬೇರೆ ಗಿಡದ್ದಲ್ಲ, ಅದೇ ಮರದ್ದು! ಮರ ತನ್ನ ಕೊಂಬೆಯಿಂದಲೇ ಬೇರು ಬಿಟ್ಟು, ತನ್ನ ಹೆಗಲ ಮೇಲಿನ ಮಣ್ಣಿನಿಂದ ಸಾರ ಹೀರುತ್ತಿತ್ತು. 1981ರಲ್ಲಿ ‘ಸೈನ್ಸ್’ ಪತ್ರಿಕೆ ಇದನ್ನು ಪ್ರಕಟಿಸಿತು. ಕೆಳಗೆ ನಿಂತು ಮರ ನೋಡಿದವರಿಗೆ ಇದು ಎಂದಾದರೂ ತಿಳಿಯುತ್ತಿತ್ತೇ?

ಹುಡುಗಿಯರು ಆಡುವ ಬಾರ್ಬಿ ಗೊಂಬೆ ಇದೆಯಲ್ಲ, ಅದಕ್ಕೆ ಶಿರಸ್ತ್ರಾಣ, ಹಗ್ಗ, ಬೂಟು ತೊಡಿಸಿ ಮರ ಹತ್ತುವವಳನ್ನಾಗಿ ಮಾಡಿ ಎಂದು ನಳಿನಿಯವರು ಕಂಪೆನಿಯನ್ನು ಕೇಳಿದ್ದರು. ಕಂಪೆನಿಗೆ ಆಸಕ್ತಿ ಇರಲಿಲ್ಲ. ಅವರು ಹಳೆಯ ಗೊಂಬೆಗಳನ್ನು ಕೊಂಡು, ವಿದ್ಯಾರ್ಥಿಗಳ ಜೊತೆ ಕೂತು, ತಾವೇ ಬಟ್ಟೆ ಹೊಲಿಸಿ ಸಿದ್ಧಮಾಡಿದರು. 2019ರಲ್ಲಿ ಅದೇ ಕಂಪೆನಿ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯ ಜೊತೆ ಸೇರಿ ವಿಜ್ಞಾನಿ ಗೊಂಬೆಗಳನ್ನು ಹೊರತಂದಿತು.

ನಮ್ಮಲ್ಲೂ ಇಂಥವರಿದ್ದಾರೆ. ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ವಿಜ್ಞಾನಿ ಸೌಭದ್ರಾ ದೇವಿ ಪಶ್ಚಿಮಘಟ್ಟದ ದಕ್ಷಿಣ ತುದಿಯ ಕಳಕ್ಕಾಡು-ಮುಂಡಂತುರೈ ಕಾಡಿನಲ್ಲಿ ಮರದ ನೆತ್ತಿಯ ಹೂಗಳಿಗೆ ಯಾವ ಜೇನು, ಯಾವ ಕೀಟ ಬರುತ್ತದೆಂದು ಅಭ್ಯಾಸ ಮಾಡಿದವರು. 2009ರಲ್ಲಿ ಮರದ ನೆತ್ತಿಯ ವಿಜ್ಞಾನಿಗಳ ಐದನೆಯ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಮರಕೋತಿ ಆಟದ ನಾಡಿಗೆ ಇದು ಸಲ್ಲಬೇಕಾದ ಮರ್ಯಾದೆಯೇ.

ಅಪಾಯವಿಲ್ಲವೇ ಎಂದು ನೀವು ಕೇಳಬಹುದು. ಇದೆ. ಅಷ್ಟು ಪಳಗಿದ ನಳಿನಿಯವರೇ 2015ರಲ್ಲಿ ಸುಮಾರು 50 ಅಡಿ ಎತ್ತರದಿಂದ ಬಿದ್ದರು. ಬೆನ್ನುಮೂಳೆ, ಪಕ್ಕೆಲುಬುಗಳು ಮುರಿದವು. ಬದುಕಿ, ಚೇತರಿಸಿಕೊಂಡು, ಮತ್ತೆ ಮರ ಹತ್ತಿದರು. ಆದ್ದರಿಂದ ಇದನ್ನು ಓದಿ ಯಾರೂ ಬಟ್ಟೆಹಗ್ಗ ಹಿಡಿದು ಮರಕ್ಕೆ ಹೊರಡಬೇಡಿ. ಪಳಗಿದವರ ಕೈಕೆಳಗೆ, ಅದಕ್ಕೆಂದೇ ಮಾಡಿದ ಹಗ್ಗದಲ್ಲಿ, ಮೊದಲು ನೆಲದಿಂದ ಎರಡು ಅಡಿ ಎತ್ತರದಲ್ಲಿ ತೂಗಿ ಕಲಿಯಬೇಕಾದ ವಿದ್ಯೆ ಇದು.

ಮರಕ್ಕೂ ನಮ್ಮಿಂದ ಅಪಾಯವಿದೆ. ಕ್ಯಾಲಿಫೋರ್ನಿಯಾದ ಹೈಪೀರಿಯನ್ ಎಂಬ ರೆಡ್‌ವುಡ್ ಮರ ಜಗತ್ತಿನಲ್ಲೇ ಎತ್ತರದ್ದು, 115 ಮೀಟರಿಗೂ ಮೇಲೆ. ನೋಡಲು ಬಂದವರ ತುಳಿತಕ್ಕೆ ಅದರ ಬುಡ ಹಾಳಾಗಿ, 2022ರಲ್ಲಿ ಅಲ್ಲಿಗೆ ಜನ ಹೋಗದಂತೆ ನಿರ್ಬಂಧಿಸಬೇಕಾಯಿತು. ಜಪಾನಿನಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯ ಹೀಗಿದೆ: ಕೆಲವರನ್ನು ಮರವನ್ನೂ ಅಷ್ಟೇ ಎತ್ತರದ ಕಾಂಕ್ರೀಟ್ ಗೋಪುರವನ್ನೂ ಹತ್ತಿಸಿ ನೋಡಿದಾಗ, ಮರ ಹತ್ತಿದಾಗಲೇ ದೇಹ ಹೆಚ್ಚು ಹಗುರಾಗಿ, ಮನಸ್ಸು ಹುರುಪಾಗಿತ್ತು. ಹತ್ತಿದ ಖುಷಿ ಎತ್ತರದ್ದಲ್ಲ, ಮರದ್ದು. ಹಾಗಿರುವಾಗ ಮರ ಕೆಡಿಸಿ ಹತ್ತುವುದರಲ್ಲಿ ಅರ್ಥವೇನು?

ಕೊನೆಗೆ ಒಬ್ಬಳ ಕತೆ ಹೇಳಲೇಬೇಕು. 1997ರ ಡಿಸೆಂಬರ್ 10ರಂದು ಜೂಲಿಯಾ ಹಿಲ್ ಎಂಬ 23ರ ಹುಡುಗಿ ಕ್ಯಾಲಿಫೋರ್ನಿಯಾದಲ್ಲಿ ಕಡಿಯಲು ಗುರುತು ಮಾಡಿದ್ದ ಒಂದು ಹಳೆಯ ರೆಡ್‌ವುಡ್ ಮರ ಹತ್ತಿದಳು. ಮರಕ್ಕೆ ಲೂನಾ ಎಂದು ಹೆಸರು. ಸುಮಾರು 180 ಅಡಿ ಎತ್ತರದಲ್ಲಿ ಪುಟ್ಟ ಅಟ್ಟಣೆಯ ಮೇಲೆ, ಚಳಿ, ಬಿರುಗಾಳಿಗಳಲ್ಲಿ ಇದ್ದಳು. ಊಟ, ಕಾಗದ ಎಲ್ಲವೂ ಹಗ್ಗದ ಮೇಲೆ ಬರುತ್ತಿದ್ದವು. ಇಳಿ ಎಂದು ಎಷ್ಟು ಬಗೆಯಲ್ಲಿ ಹೇಳಿದರೂ ಇಳಿಯಲಿಲ್ಲ. 738 ದಿನಗಳ ನಂತರ, ಮರವನ್ನೂ ಸುತ್ತಲ 200 ಅಡಿ ಕಾಡನ್ನೂ ಉಳಿಸುವ ಒಪ್ಪಂದವಾದ ಮೇಲೆ, 1999ರ ಡಿಸೆಂಬರ್ 18ರಂದು ಇಳಿದಳು. ಮರುವರ್ಷ ಯಾರೋ ಲೂನಾದ ಕಾಂಡಕ್ಕೆ ಗರಗಸ ಹಾಕಿದರು. ಉಕ್ಕಿನ ಪಟ್ಟಿ, ಹಗ್ಗಗಳಿಂದ ಬಿಗಿದು ಕಟ್ಟಿದರು. ಮರ ಬದುಕಿತು.

ನಮ್ಮ ಪಟ್ಟಣಗಳಲ್ಲಿ ಈಗ ಹುಡುಗಿಯರನ್ನು ಮರದಿಂದ ಇಳಿಸುವ ತಾಯಂದಿರು ಕಡಿಮೆ. ಹತ್ತಲಿಕ್ಕೆ ಮರಗಳೂ ಕಡಿಮೆ. ಇದ್ದವುಗಳ ಕೆಳಕೊಂಬೆಗಳನ್ನು ವಿದ್ಯುತ್ ತಂತಿಗೆಂದು ಸವರಿರುತ್ತಾರೆ. ಆದರೂ ಒಂದು ಸಂಗತಿ ನನಗೆ ಸಮಾಧಾನ ಕೊಡುತ್ತದೆ. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿಯವರು ಯಂತ್ರದ ನೆರವಿನಿಂದ ತೆಂಗಿನ ಮರ ಹತ್ತುವ ತರಬೇತಿ ಆರಂಭಿಸಿದಾಗ ಹೆಂಗಸರೂ ಸೇರಿ ಕಲಿತರು, ಅದನ್ನೇ ದುಡಿಮೆ ಮಾಡಿಕೊಂಡರು. ತೋಳಬಲದ ಮಾತು ಅಲ್ಲಿಗೆ ಮುಗಿಯಿತಲ್ಲ!

ನನ್ನ ಮೊಮ್ಮಗಳು ರಜೆಗೆ ಬಂದಾಗ ಬಾಳೆನಾರು ಕೊಟ್ಟು ಹೂ ಕಟ್ಟಲು ಕಲಿಸಿದೆ. ಕುಣಿಕೆ ಸರಿಯಾಗಿ ಬಿದ್ದ ದಿನ, ಅದೇ ಬೆರಳುಗಳಿಗೆ ದಪ್ಪ ಹಗ್ಗ ಕೊಟ್ಟು ನಾಲ್ಕು ಸುತ್ತಿನ ಗಂಟನ್ನೂ ತೋರಿಸಿದೆ. ಜಗಲಿಯ ಕಂಬಕ್ಕೆ ಕಟ್ಟಿ, ಎಳೆದು, ಸರಿಸಿ, ಮತ್ತೆ ಎಳೆದು ನೋಡಿದಳು. ಇದು ಹೇಗೆ ಹಿಡಿದುಕೊಳ್ಳುತ್ತದೆ ಅಜ್ಜಿ ಎಂದು ಕೇಳಿದಳು. ನಾನು ಹೇಳಲಿಲ್ಲ, ಬಿಚ್ಚಿ ಅವಳ ಕೈಗೇ ಕೊಟ್ಟೆ.